ಪವಾಯಿಯಲ್ಲಿ ಕೂತು ಹಕ್ಕಿ ಓಡಿಸಿದ ಮಾವ

ನಮ್ಮ ಮಾವನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನಂಬುವುದು ಬಿಡುವುದು ನಿಮ್ಮಿಷ್ಟ. ಮುಂಬಯಿಯಲ್ಲಿ, ಅದೂ ಪವಾಯಿಯಂಥ ಪವಾಯಿಯಲ್ಲಿ, ಕೆರೆ ಕಾಣುವ ಒಂದು ಕಿಟಕಿಗಾಗಿ ಜನ ಜೀವಮಾನದ ದುಡಿಮೆ ಸುರಿಯುವ ಜಾಗದಲ್ಲಿ, ಅವರು ಬಿಳಿಜೋಳ ಬೆಳೆಯುತ್ತಾರೆ. ಬಾಲ್ಕನಿಯ ಕುಂಡದಲ್ಲಲ್ಲ, ಟೆರೇಸಿನ ಮೇಲೂ ಅಲ್ಲ. ದೊಡ್ಡ ಬಿಲ್ಡಿಂಗೊಂದರ ಗೇಟಿನ ಪಕ್ಕ, ವಾಚ್‌ಮನ್ ಕ್ಯಾಬಿನ್ನಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ನೀಲಿ ಯೂನಿಫಾರ್ಮ್ ಹಾಕಿಕೊಂಡು ಬೆಳೆಯುತ್ತಾರೆ!

ಹೊಲ ಇರುವುದು ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ. ರೈತ ಇರುವುದು ಮುಂಬಯಿಯಲ್ಲಿ. ಇವೆರಡರ ನಡುವೆ ಒಂದು ಮೊಬೈಲ್ ಫೋನಿದೆ, ಮತ್ತು ನಮ್ಮ ಅತ್ತೆ ಇದ್ದಾಳೆ. ಮೊಬೈಲಿನದೇನೂ ತೊಂದರೆಯಿಲ್ಲ.

ಇವರು ನನ್ನ ಅವ್ವನ ತಮ್ಮ. ನಾನು ಜೋಗೇಶ್ವರಿಯ ಚಾಳಿನಲ್ಲಿರುವವಳು, ಪರೇಲಿನ ಒಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ. ಭಾನುವಾರ ಬಂತೆಂದರೆ ಅವ್ವ ಮಾಡಿದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಪವಾಯಿಗೆ ಹೋಗುವುದು ನನ್ನ ಪಾಲಿನ ತೀರ್ಥಯಾತ್ರೆ. ಮಾವ ಆ ಬಿಲ್ಡಿಂಗಿಗೆ ಇಟ್ಟಿಗೆ ಹೊತ್ತವರು. ಕಟ್ಟಡ ಮುಗಿದ ಮೇಲೆ ಜೊತೆಯವರೆಲ್ಲ ಬೇರೆ ಸೈಟಿಗೆ ಹೋದರು, ಮಾವ ಹೋಗಲಿಲ್ಲ. "ನಾ ಕಟ್ಟಿದ್ದು, ನಾನ ಕಾಯ್ತೀನಿ" ಎಂದು ಗೇಟಿನಲ್ಲಿ ಕೂತರು. ಅತ್ತೆಯನ್ನೂ ಕರೆದರು. ಅವಳು ಒಂದೇ ಮಾತಿನಲ್ಲಿ ಮುಗಿಸಿದಳು: "ಇಬ್ರೂ ಬಂದ್ರ ಆ ಹೊಲಾನ ಯಾರ ಮಾತಾಡಸ್ತಾರ್ರಿ?"

ಹೀಗಾಗಿ ಅತ್ತೆ ಅಲ್ಲಿ, ಮಾವ ಇಲ್ಲಿ. ಆದರೆ ಯಾರಾದರೂ ಅವರನ್ನು "ಏನು ಕೆಲಸ ಮಾಡ್ತೀರಿ?" ಎಂದು ಕೇಳಲಿ, ಬರುವ ಉತ್ತರ ಒಂದೇ: "ಒಕ್ಕಲತನ."

"ಮತ್ತ ಇಲ್ಲಿ?"

"ಇಲ್ಲಿ ಕುಂತೀನಷ್ಟ."

ರೈತರು ಹೊಸ ತಂತ್ರಜ್ಞಾನ ಎಂದರೆ ಹಿಂದೇಟು ಹಾಕುತ್ತಾರೆ, ಅವರಿಗೆ ತಿಳಿವಳಿಕೆ ಕೊಡಬೇಕು ಎಂದು ಟಿ.ವಿ.ಯಲ್ಲಿ ತಜ್ಞರು ಹೇಳುವಾಗ ನನಗೆ ನಗು ತಡೆಯಲಾಗುವುದಿಲ್ಲ. ಅವರೆಲ್ಲ ನಮ್ಮ ಮಾವನನ್ನು ನೋಡಿಲ್ಲ, ಪಾಪ! ಮಾವನಿಗೆ ತಿಳಿವಳಿಕೆ ಬೇಕಿಲ್ಲ, ಚಾರ್ಜರ್ ಸಾಕು. ಹೊಲಕ್ಕೆ ಸಂಬಂಧಪಟ್ಟ, ಸಿಮ್ ಹಾಕಬಹುದಾದ ಯಾವ ವಸ್ತು ಮಾರುಕಟ್ಟೆಗೆ ಬಂದರೂ ಅದು ಆ ಗೇಟಿನೊಳಗೆ ಪಾರ್ಸಲ್ ಆಗಿ ಬಂದೇ ಬರುತ್ತದೆ. ಬಿಲ್ಡಿಂಗಿನವರಿಗೆ ಬಂದ ಚಪ್ಪಲಿ, ಮಿಕ್ಸರ್‌ಗಳ ನಡುವೆ ಮಾವನಿಗೆ ಬಂದ ಡಬ್ಬಿ ಒಂದು ಕಡೆ ಬೇರೆಯಾಗಿ, ಟವೆಲ್ ಹೊದ್ದುಕೊಂಡು ಮಲಗಿರುತ್ತದೆ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ನಮ್ಮ ಕಡೆ ಆ ವಯಸ್ಸಿನ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯಲ್ಲಿ ಬಾಗಿಲಿಗೆ ಅಡ್ಡ ನಿಂತು, ಹೆಂಡತಿಯ ಹೆಸರು ಸೇರಿಸಿ ಒಡಪಿನ ಪದ್ಯ ಹಾಕಿಸುತ್ತಾರಲ್ಲ, ಆಗ ಒಂದು ಸಲ ಹೆಸರು ಹೇಳಿದರೆ ಜೀವಮಾನದ ಕೋಟಾ ಮುಗಿಯಿತು. ನಮ್ಮ ಮಾವ ಅಷ್ಟನ್ನೂ ಹೇಳಲಿಲ್ಲವಂತೆ! ಹೆಸರು ಬರುವ ಜಾಗಕ್ಕೆ ಸರಿಯಾಗಿ ಜೋರಾಗಿ ಕೆಮ್ಮಿ, ಆ ಗದ್ದಲದಲ್ಲಿ ಹೊಸಿಲು ದಾಟಿಬಿಟ್ಟರು ಎಂದು ಅವ್ವ ಈಗಲೂ ಹೇಳಿ ನಗುತ್ತಾಳೆ. ಮೊಬೈಲು ತೆಗೆದುಕೊಂಡಾಗ ಅತ್ತೆಯ ನಂಬರನ್ನು ಯಾವ ಹೆಸರಲ್ಲಿ ಹಾಕಲಿ ಎಂದು ನಾನು ಕೇಳಿದೆ. ಮಾವ ಬಹಳ ಹೊತ್ತು ಯೋಚಿಸಿ, "ಹೊಲ ಅಂತ ಹಾಕು" ಎಂದರು. ಅಂದಿನಿಂದ ಅತ್ತೆ ಫೋನ್ ಮಾಡಿದಾಗಲೆಲ್ಲ ಹೊಲದ ಫೋನ್ ಬರುತ್ತದೆ. ಸೊಸೈಟಿಯ ಸೆಕ್ರೆಟರಿ ಮ್ಯಾಡಮ್ ಒಮ್ಮೆ "ಕುಣಾಚಾ ಫೋನ್, ಕಾಕಾ?" ಎಂದು ಯಾರ ಫೋನೆಂದು ಕೇಳಿದರು. ಮಾವ ಗಂಭೀರವಾಗಿ "ಶೇತಾಚಾ ಆಹೇ, ಮ್ಯಾಡಮ್", ಹೊಲದ್ದು ಎಂದರು. ವಾಚ್‌ಮನ್‌ಗೆ ಗದ್ದೆ ಹೊಲಗಳಿಂದ ಕರೆ ಬರುತ್ತದೆಂಬ ಸುದ್ದಿ ಅವತ್ತೇ ಎಲ್ಲ ಮಹಡಿಗೂ ಹತ್ತಿತು.

ಮೊದಲು ಬಂದದ್ದು ಮೊಬೈಲ್ ಸ್ಟಾರ್ಟರ್. ಬೋರಿನ ಮೋಟಾರಿಗೆ ಕೂಡಿಸುವ ಡಬ್ಬಿ. ಊರಲ್ಲಿ ಕರೆಂಟ್ ಬಂದ ಕೂಡಲೇ ಆ ಡಬ್ಬಿಯೇ ಫೋನ್ ಮಾಡಿ ಹೇಳುತ್ತದೆ; ಇಲ್ಲಿಂದ ಒಂದು ಅಂಕಿ ಒತ್ತಿದರೆ ಅಲ್ಲಿ ಉಳ್ಳಾಗಡ್ಡಿಯ ಮಡಿಗೆ ನೀರು! ಒಮ್ಮೆ ಚಾಳಿನ ನಮ್ಮ ಒಂದೇ ಕೋಣೆಯ ಖೋಲಿಯಲ್ಲಿ ಸತ್ಯನಾರಾಯಣ ಪೂಜೆ. ಭಟ್ಟರು ಕಥೆಯ ನಡುವೆ ಉಸಿರು ತೆಗೆದುಕೊಳ್ಳಲು ನಿಂತರು ನೋಡಿ, ಮಾವನ ಜೇಬಿನಿಂದ ಹೆಣ್ಣುದನಿಯೊಂದು ಮೊಳಗಿತು: "ವಿದ್ಯುತ್ ಬಂದಿದೆ. ಮೋಟಾರ್ ಚಾಲೂ ಮಾಡಲು ಒಂದನ್ನು ಒತ್ತಿರಿ." ಬಲಗೈಯಲ್ಲಿ ತೀರ್ಥ ಹಿಡಿದಿದ್ದ ಮಾವ ಎಡಗೈ ಹೆಬ್ಬೆರಳಿನಿಂದ ಒತ್ತಿ, ಫೋನನ್ನು ಕಣ್ಣಿಗೊತ್ತಿಕೊಂಡರು. ಕನ್ನಡ ಬಾರದ ಚಾಳಿನ ಹೆಂಗಸರು ಇದೂ ಪೂಜೆಯ ಒಂದು ಭಾಗವೆಂದು ತಿಳಿದು ಕೈಮುಗಿದರು!

ಆದರೆ ಆ ಹೆಣ್ಣುದನಿ ಮತ್ತೆ ಬಂದು, "ಮೋಟಾರ್ ಚಾಲೂ ಆಗಿಲ್ಲ" ಎಂದಿತು. ಮಾವ ಪ್ರಸಾದವನ್ನೂ ಬಿಟ್ಟು ಗ್ಯಾಲರಿಗೆ ಓಡಿ ಹೊಲಕ್ಕೆ ಫೋನ್ ಹಚ್ಚಿದರು.

"ಮೋಟಾರ್ ಯಾಕ ಚಾಲೂ ಆಗವಲ್ದು?"

"ನಾ ಗುಂಡಿ ತಿರುವಿಟ್ಟೀನ್ರಿ. ಇನ್ನ ಅದು ಕೈಲೇ ಚಾಲೂ ಮಾಡಬೇಕು."

"ಅಲ್ಲ, ಯಾಕ ಅಂತೀನಿ!"

"ನೀವು ಮುಂಬೈದಾಗ ಕುಂತು ನೀರ ಬಿಟ್ರ ಇಲ್ಲಿ ಮಡಿ ತಿರುವಾವ್ರು ಯಾರು? ನಾ ಉಣ್ಣಾಕ ಕುಂತಾಗ ಬಿಡ್ತೀರಿ, ಎದ್ದು ಓಡಬೇಕು. ನಿಮ್ಮ ಫೋನ್ ಬಂದು ಸಲಿಕಿ ಹಿಡಿತೈತೇನು?"

ಮಾವ ಒಳಗೆ ಬಂದು ಪ್ರಸಾದ ತಿನ್ನುತ್ತ, "ನೆಟ್‌ವರ್ಕ್ ಇಲ್ಲ" ಎಂದು ಎಲ್ಲರಿಗೂ ಹೇಳಿದರು.

ಸೋತು ಕೂರುವವರಾದರೆ ಅವರ ಬಗ್ಗೆ ನಾನೇಕೆ ಬರೆಯುತ್ತಿದ್ದೆ? ಮುಂದೆ ಬಂದದ್ದು ನೆಲದ ತೇವ ಅಳೆಯುವ ಕಡ್ಡಿ. ಹೊಲದಲ್ಲಿ ಹುಗಿದಿಟ್ಟರೆ ಮೊಬೈಲಿನಲ್ಲಿ ಹನಿಯ ಚಿತ್ರ ಬರುತ್ತದೆ. ತೇವವಿದ್ದರೆ ನೀಲಿ ಹನಿ, ಒಣಗಿದರೆ ಕೆಂಪು. ಆ ಬೇಸಿಗೆಯಲ್ಲಿ ಸುತ್ತಲಿನ ಊರೆಲ್ಲ ಒಣಗಿ ಹಪ್ಪಳವಾಗಿದ್ದರೂ ಮಾವನ ಹನಿ ಮಾತ್ರ ನೀಲಿ. ಹಾಲಿನವನಿಗೆ ತೋರಿಸಿದರು, ಡ್ರೈವರ್‌ಗಳಿಗೆ ತೋರಿಸಿದರು, ಲಿಫ್ಟ್ ರಿಪೇರಿಗೆ ಬಂದವನನ್ನು ತಡೆದು ನಿಲ್ಲಿಸಿ ತೋರಿಸಿದರು. "ಎರಿ ಭೂಮಿ ಅಂದ್ರ ಇದು. ಒಮ್ಮಿ ನೀರ ಕುಡಿದ್ರ ತಿಂಗಳಗಟ್ಲೆ ಬಿಡಂಗಿಲ್ಲ!" ಮೇಲಿನ ಮಹಡಿಯ ಒಬ್ಬ ಹೆಂಗಸು ತಮ್ಮ ಬಾಲ್ಕನಿಯ ಗುಲಾಬಿ ಸಾಯುತ್ತಿದೆಯೆಂದು ಮಾವನ ಸಲಹೆಗೆ ಇಳಿದು ಬರತೊಡಗಿದರು. ಮಾವ ನೀಲಿ ಹನಿ ತೋರಿಸಿಯೇ ಸಲಹೆ ಕೊಡುತ್ತಿದ್ದರು.

ಒಂದು ಭಾನುವಾರ ನಾನು ಅತ್ತೆಗೆ ವಿಡಿಯೋ ಕಾಲ್ ಮಾಡಿದ್ದೆ. ಮಾತಿನ ನಡುವೆ ಅವಳ ಹಿಂದೆ ಎಮ್ಮೆ ಬಾನಿಗೆ ಬಾಯಿ ಹಾಕಿ ಸೊರ್ ಸೊರ್ ಎಂದು ನೀರು ಕುಡಿಯುವುದು ಕಾಣಿಸಿತು. ಬಾನಿಯ ಪಕ್ಕದ ಕೆಸರಿನಲ್ಲಿ ಕಡ್ಡಿ ನೆಟ್ಟಗೆ ನಿಂತಿತ್ತು!

"ಅತ್ತಿ, ಅದು ಹೊಲದಾಗಿನ ಕಡ್ಡಿ ಅಲ್ಲೇನು?"

"ಕಸಾ ತಗಿಯೂ ಕುರಪಿಗಿ ಅಡ್ಡ ಬರ್ತಿತ್ತವ್ವ. ಕಿತ್ತು ಇಲ್ಲಿ ಹುಗದೀನಿ. ತುಟ್ಟಿ ಸಾಮಾನು, ಚೆಲ್ಲಾಕ ಬರ್ತೈತೇನು?"

ಮಾವನ ಮುಖ ನೋಡಬೇಕಿತ್ತು ನೀವು! "ಅಂದ್ರ ಇಷ್ಟ ದಿನ ನಾ ಎಮ್ಮಿ ನೀರ ಕುಡ್ಯೂದು ನೋಡಾಕತ್ತಿದ್ನೇನು?" ಎಂದರು. ಆದರೂ ಆ ಆ್ಯಪ್ ತೆಗೆದುಹಾಕಲಿಲ್ಲ. ಈಗಲೂ ಮಾತಾಡುತ್ತ ಮಾತಾಡುತ್ತ ಮೊಬೈಲ್ ನೋಡಿ, "ಎಮ್ಮಿ ಕುಡೀತು" ಎಂದು ನೆಮ್ಮದಿಯಿಂದ ತಲೆಯಾಡಿಸುತ್ತಾರೆ.

ಅದೇ ಸುಮಾರಿಗೆ ಅಲ್ಲೇ ಪಕ್ಕದ ಎಂಜಿನಿಯರಿಂಗ್ ಸಂಸ್ಥೆಯ ಹುಡುಗಿಯೊಬ್ಬಳು ಟ್ಯಾಬ್ ಹಿಡಿದುಕೊಂಡು ಬಂದಳು. ರೈತರು ಡಿಜಿಟಲ್ ಸಾಧನ ಬಳಸಲು ಎಷ್ಟು ಮನಸ್ಸು ಮಾಡುತ್ತಾರೆಂಬುದು ಅವಳ ಅಧ್ಯಯನ. ಕೆರೆಯಂಚಿನಲ್ಲಿ ರೈತರನ್ನು ಎಲ್ಲಿ ಹುಡುಕುವುದೆಂದು ಒದ್ದಾಡುತ್ತಿದ್ದವಳಿಗೆ ಯಾರೋ ನಮ್ಮ ಗೇಟು ತೋರಿಸಿದ್ದರು. ಅವಳು ಹಿಂದಿಯಲ್ಲಿ ಕೇಳಿದಳು, ಮಾವ ತಮ್ಮದೇ ಹಿಂದಿಯಲ್ಲಿ ಎದೆ ತಟ್ಟಿಕೊಂಡರು: "ಮೈ ತಯ್ಯಾರ್ ಹೂಂ! ಪೂರಾ ತಯ್ಯಾರ್! ಲೇಕಿನ್ ಘರವಾಲಿ ತಯ್ಯಾರ್ ನಹೀಂ."

ಅಡಚಣೆ ಏನು, ಬೆಲೆಯೋ, ನೆಟ್‌ವರ್ಕೋ, ತರಬೇತಿ ಇಲ್ಲದಿರುವುದೋ ಎಂದು ಅವಳು ಕೇಳಿದಳು. ಎಲ್ಲದಕ್ಕೂ ಮಾವನ ಉತ್ತರ ಹೆಂಡತಿಯೇ, "ಘರವಾಲಿ". ಪಾಪದ ಹುಡುಗಿ ಟ್ಯಾಬನ್ನು ಮೇಲೆ ಕೆಳಗೆ ಸರಿಸಿ ಹುಡುಕಿದಳು. ಅಷ್ಟು ದೊಡ್ಡ ಅಡಚಣೆಗೆ ಅದರಲ್ಲಿ ಒಂದು ಖಾನೆಯೇ ಇರಲಿಲ್ಲ!

ಅವಳು ಹೋದ ಮೇಲೆ ನಾನು ನಗುತ್ತಲೇ ಕೇಳಿದೆ. "ಯಾಕ್ ಮಾಮಾ ಇಷ್ಟ ಒದ್ದಾಡ್ತೀರಿ? ಅತ್ತಿ ಚೆಂದಾಗಿ ಮಾಡಾಕತ್ತಾಳಲ್ಲ, ಮಾಡ್ಲಿ ಬಿಡ್ರಿ."

ಮಾವ ನಗಲಿಲ್ಲ. ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. "ಆಕಿ ನನ್ನ ಬಿಟ್ಟು ಎಲ್ಲಾ ಮಾಡ್ತಾಳ, ಯವ್ವಾ. ಅದಕ್ಕ ನನಗ ಅಂಜಿಕಿ. ಒಂದರೆ ನನ್ನ ಕಡಿಂದ ಹೊಲಕ್ಕ ಮುಟ್ಟಬೇಕು. ಇಲ್ಲಂದ್ರ ನಾ ಬರೇ ವಾಚ್‌ಮನ್ ಆಗಿಬಿಡ್ತೀನಿ." ಆಮೇಲೆ ಟೋಪಿ ಹಾಕಿಕೊಂಡು ಒಂದು ಕಾರಿಗೆ ಸಲಾಮು ಹೊಡೆದು ಗೇಟು ತೆಗೆದರು. ಅವರು ಹೀಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಆಮೇಲೆ ಬಂತು ಕ್ಯಾಮೆರಾ. ಬಿಸಿಲಿನಿಂದ ಚಾರ್ಜಾಗುವಂಥದು, ಮಾತೂ ಕೇಳಿಸುವಂಥದು. ಈಗ ಮಾವನ ಎದುರು ಎರಡು ಪರದೆ: ಒಂದರಲ್ಲಿ ಬಿಲ್ಡಿಂಗು, ಒಂದರಲ್ಲಿ ಹೊಲ. ಯಾವುದನ್ನು ನೋಡುತ್ತಿದ್ದರೆಂದು ಕೇಳಬೇಕೆ? ಒಂದು ನಾಯಿ ಗೇಟು ದಾಟಿ, ಲಿಫ್ಟ್ ಹತ್ತಿ, ಯಾವುದೋ ಮಹಡಿಯಲ್ಲಿಳಿದು, ಯಾರದೋ ಹೊಸ ಬೂಟು ಕಚ್ಚಿಕೊಂಡು ವಾಪಸು ಹೋದರೂ ಮಾವನಿಗೆ ಗೊತ್ತಾಗಲಿಲ್ಲ. ಆ ಹೊತ್ತಿನಲ್ಲಿ ಅವರು ವಿಜಯಪುರದ ಒಂದು ಕಾಗೆಯ ಮೇಲೆ ಕಣ್ಣಿಟ್ಟಿದ್ದರು.

ಅತ್ತೆ ಕ್ಯಾಮೆರಾಕ್ಕೂ ಒಂದು ಕಾಯಿದೆ ಮಾಡಿದಳು. "ನಾ ಬುತ್ತಿ ಬಿಚ್ಚಿ ಉಣ್ಣಾಕ ಕುಂತಾಗ ಮುಂಬೈ ಮಂದಿ ನನ್ನ ಬಾಯಿ ನೋಡಬಾರ್ದು" ಎಂದು ಊಟದ ಹೊತ್ತಿಗೆ ಅದರ ಮೇಲೆ ಕೆಂಪು ಅಂಚಿನ ಟವೆಲ್ ಹಾಕಿಬಿಡುತ್ತಿದ್ದಳು. ಪರದೆ ಕತ್ತಲಾಯಿತೆಂದರೆ ಮಾವನೂ ಡಬ್ಬಿ ಬಿಚ್ಚುತ್ತಿದ್ದರು. ಪರದೆಯಲ್ಲಿ ಮತ್ತೆ ಬೆಳಕು ಬಂದಾಗ ಕೈತೊಳೆಯುತ್ತಿದ್ದರು. ಹಸಿವಾಗಲಿ ಬಿಡಲಿ, ಇದು ನಿಯಮ.

ಜೋಳ ಹಾಲುಗಾಳು ಕಟ್ಟಿದಾಗ ಶುರುವಾಯಿತು ನಿಜವಾದ ಯುದ್ಧ. ಎಳೆ ತೆನೆ ಸುಟ್ಟು ಸೀತನಿ ತಿನ್ನುವ ಕಾಲ ನಮಗಿಂತ ಮೊದಲು ಹಕ್ಕಿಗಳಿಗೆ ಗೊತ್ತಾಗುತ್ತದೆ. ಹಿಂಡುಹಿಂಡಾಗಿ ತೆನೆಯ ಮೇಲೆ ಇಳಿದವು. ಅತ್ತೆ ಈ ಬದಿಗೆ ಕವಣೆ ಬೀಸಿದರೆ ಆ ಬದಿಗೆ ಕೂರುತ್ತಿದ್ದವು. ಪವಾಯಿಯಲ್ಲಿ ಕೂತ ಸೇನಾಪತಿಗೆ ಇದು ಸಹಿಸಲಾಗಲಿಲ್ಲ. ಒಂದು ಬೆಳಗ್ಗೆ, ಬಿಲ್ಡಿಂಗಿನ ಜನ ಯೋಗಾಸನ ಹಾಕುವ ಪ್ರಶಾಂತ ವೇಳೆಯಲ್ಲಿ, ಕ್ಯಾಬಿನ್ನಿನಿಂದ ಗರ್ಜನೆ ಎದ್ದಿತು: "ಹೋಯ್! ಹೋಯ್! ಬಂದ್ರ ನೋಡ್! ಹಿಡೀರಿ! ಹೊಡೀರಿ!"

ಕಳ್ಳ ನುಗ್ಗಿದನೆಂದು ಜನ ಇದ್ದ ಬಟ್ಟೆಯಲ್ಲೇ ಕೆಳಗಿಳಿದರು. ಒಬ್ಬರ ಕೈಯಲ್ಲಿ ಕ್ರಿಕೆಟ್ ಬ್ಯಾಟು, ಇನ್ನೊಬ್ಬರ ಕೈಯಲ್ಲಿ ಸುತ್ತಿದ ಯೋಗದ ಚಾಪೆ. ನೋಡಿದರೆ ಮಾವ ಮೊಬೈಲಿನ ಮುಖಕ್ಕೆ ಕೈ ಬೀಸುತ್ತ ಕುಣಿಯುತ್ತಿದ್ದಾರೆ!

ಸೆಕ್ರೆಟರಿ ಮ್ಯಾಡಮ್ ಹಣೆ ಚಚ್ಚಿಕೊಂಡರು. "ಕಾಕಾ, ಏಕದಾ ರೆಕಾರ್ಡ್ ಕರಾ, ಆಣಿ ತಿಕಡೇಚ್ ವಾಜವಾ!" ಒಮ್ಮೆ ರೆಕಾರ್ಡ್ ಮಾಡಿ ಅಲ್ಲೇ ಊರಲ್ಲಿ ಬಾರಿಸಿಕೊಳ್ಳಿ ಎಂದು ಅವರು ಸಿಟ್ಟಿನಲ್ಲಿ ಅಂದದ್ದು. ಮಾವನಿಗೆ ಅದು ವರದಂತೆ ಕೇಳಿಸಿತು. ಮರುವಾರವೇ ಹೊಲದ ನಡುವೆ ಕಂಬ ನಿಂತಿತು, ಕಂಬದ ಮೇಲೆ ಸ್ಪೀಕರ್. ಇಲ್ಲಿಂದ ದನಿ ಕಳಿಸಿದರೆ ಅದು ಅಲ್ಲಿ ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ತಾನೇ ಕೂಗುತ್ತದೆ.

ರೆಕಾರ್ಡಿಂಗಿಗೆ ನಮ್ಮ ಖೋಲಿಗೇ ಬಂದರು. ಬಾಗಿಲು ಹಾಕಿ, ಫ್ಯಾನು ಆರಿಸಿ, ಅವ್ವನ ಕೈಯಿಂದ ಬೆಲ್ಲ ಹಾಕಿದ ಬಿಸಿನೀರು ಕುಡಿದು, ಗಂಟಲು ಸರಿಮಾಡಿಕೊಂಡು ಶುರುಮಾಡಿದರು: "ಏ ನಿಮ್ಮ ಬಾಯಾಗ ಮಣ್ಣ ಹಾಕಲಿ! ನಾಚಿಕಿ ಐತೇನು? ಹಾರ್ರಿ ಅಂತೀನಿ! ಇದನ್ನ ನಿಮ್ಮಪ್ಪ ಬಿತ್ಯಾನೇನು?" ಪಕ್ಕದ ಖೋಲಿಯ ಕೂಸು ಕಿಟಾರನೆ ಅತ್ತಿತು. ಎದುರಿನ ಮನೆಯವರು ನಮ್ಮಲ್ಲಿ ಆಸ್ತಿಯ ಜಗಳವೆಂದು ತಿಳಿದು ಸಮಾಧಾನ ಮಾಡಲು ಬಂದರು. ಅವರಿಗೆ ಚಹಾ ಕೊಟ್ಟು ಕಳಿಸಬೇಕಾಯಿತು.

ಸ್ಪೀಕರ್ ಕೂಗತೊಡಗಿದ ದಿನ ಮಾವ ಮೊಬೈಲ್ ಹಿಡಿದುಕೊಂಡೇ ಕೂತಿದ್ದರು. ಇನ್ನೇನು ಅತ್ತೆಯ ಫೋನ್ ಬರುತ್ತದೆ, ವೈರು ಕಿತ್ತೆ ಎನ್ನುತ್ತಾಳೆ, ಅಥವಾ ಅದನ್ನೂ ಎಮ್ಮೆಯ ಕೊರಳಿಗೆ ಕಟ್ಟಿದ್ದೇನೆ ಎನ್ನುತ್ತಾಳೆ! ಫೋನ್ ಬರಲಿಲ್ಲ. ಮರುದಿನವೂ ಇಲ್ಲ. ದಿನಾ ಬೆಳಗ್ಗೆ ಅತ್ತೆ ತಾನೇ ಹೋಗಿ ಸ್ವಿಚ್ ಹಾಕುತ್ತಿದ್ದಳು, ಸಂಜೆ ತಾನೇ ತೆಗೆಯುತ್ತಿದ್ದಳು. "ಅಂತೂ ಒಂದಕ್ಕ ಒಪ್ಪಿದ್ಳು!" ಎಂದು ಮಾವ ಕ್ಯಾಬಿನ್ನಿಗೆ ಬಂದವರಿಗೆಲ್ಲ ಪೇಢೆ ಹಂಚಿದರು. ಹಕ್ಕಿಗಳು ಎಷ್ಟು ಹಾರಿದವೋ ದೇವರೇ ಬಲ್ಲ. ಬೆಳೆ ಮಾತ್ರ ಚೆನ್ನಾಗಿ ಬಂತು. ಕಟಾವಾಯಿತು, ರಾಶಿಯಾಯಿತು, ಕಣಿಕೆಯ ಬಣವೆಯೂ ಎದ್ದಿತು.

ಆದರೆ ಸ್ಪೀಕರ್ ನಿಲ್ಲಲಿಲ್ಲ.

"ನೋಡವ್ವ, ರಾಶಿ ಆಗಿ ಎಷ್ಟು ದಿನಾತು. ಹೊಲದಾಗ ಒಂದ ಕಾಳಿಲ್ಲ. ದಿನಾ ಸಂಜಿಕ ಹಚ್ತಾಳ" ಎಂದು ಮಾವ ನನ್ನೆದುರು ದೂರಿದರು. ಅವತ್ತು ಭಾನುವಾರ, ಯುಗಾದಿ ಹತ್ತಿರವಿತ್ತು. "ಬಂದ್ ಮಾಡು ಅಂದ್ರ, ಹೊಲದಾಗ ಗಂಡಸ್ರ ದನಿ ಇರಬೇಕ್ರಿ, ಹಂದಿ ಅಂಜತಾವ ಅಂತಾಳ. ಬರೇ ಬ್ಯಾಟರಿ ಹಾಳು!"

ಹಾಳಾಗುವ ಬ್ಯಾಟರಿಯನ್ನು ನನಗೆ ತೋರಿಸಲೆಂದೇ ಕ್ಯಾಮೆರಾ ತೆರೆದರು. ಬೋಳು ಹೊಲ, ಕೊಯ್ದ ಜೋಳದ ಬುಡಗಳು, ಇಳಿಬಿಸಿಲು. ಅತ್ತೆ ಎಮ್ಮೆ ಹೊಡೆದುಕೊಂಡು ಬಂದಳು. ಕಂಬದ ಸ್ವಿಚ್ ಹಾಕಿದಳು. ಅದರ ಬುಡದಲ್ಲೇ ಕಾಲು ಚಾಚಿ ಕೂತು, ಮೊರದಲ್ಲಿ ತೊಗರಿ ಹಸನು ಮಾಡತೊಡಗಿದಳು.

"ಏ ನಿಮ್ಮ ಬಾಯಾಗ ಮಣ್ಣ ಹಾಕಲಿ!" ಎಂದಿತು ಕಂಬ.

ಅತ್ತೆ ತೊಗರಿ ಕೇರಿದಳು.

"ನಾಚಿಕಿ ಐತೇನು?"

ಅತ್ತೆ ಒಂದು ಹರಳು ಆರಿಸಿ ಎಸೆದಳು.

"ಇದನ್ನ ನಿಮ್ಮಪ್ಪ ಬಿತ್ಯಾನೇನು?"

ಅತ್ತೆ ತಲೆ ಎತ್ತಲಿಲ್ಲ. ಮನೆಯಲ್ಲಿ ಎದುರಿಗೆ ಕೂತ ಗಂಡನಿಗೆ ಹೇಳುವಷ್ಟೇ ಮೆಲ್ಲಗೆ, "ಇಲ್ರಿ, ನಾನ ಬಿತ್ತೀನಿ" ಎಂದಳು. ಆಮೇಲೆ ಬೆಳಗ್ಗೆ ಎಮ್ಮೆ ಹಾಲು ಕಡಿಮೆ ಕೊಟ್ಟದ್ದನ್ನೂ, ಬೋರಿನ ನೀರು ಇಳಿದದ್ದನ್ನೂ ಆ ಕಂಬಕ್ಕೆ ಒಂದೊಂದಾಗಿ ಹೇಳತೊಡಗಿದಳು.

ಗೇಟಿನಲ್ಲಿ ಕಾರೊಂದು ಹಾರ್ನ್ ಹೊಡೆಯಿತು. ಮಾವ ಏಳಲಿಲ್ಲ. ನಾನೇ ಹೋಗಿ ಗೇಟು ತೆಗೆದು ಬಂದೆ. ಬರುವಷ್ಟರಲ್ಲಿ ಅವರು ಮೊಬೈಲನ್ನು ನನ್ನ ಕಡೆ ಚಾಚಿದ್ದರು.

"ಹೊಸಾ ದನಿ ಹ್ಯಾಂಗ ಹಾಕೂದು, ಯವ್ವಾ?"

ಕೆಂಪು ಗುಂಡಿ ಒತ್ತಿ ಕೊಟ್ಟೆ. ಮಾವ ಬಾಯಿ ತೆರೆದರು, ಕೆಮ್ಮಿದರು. ಅದನ್ನು ಅಳಿಸಿ ಮತ್ತೆ ಒತ್ತಿದೆ. ಮತ್ತೆ ಕೆಮ್ಮಿದರು. ಅದೇ ಮದುವೆಯ ಕೆಮ್ಮು! "ನೀ ಆ ಕಡಿ ತಿರುಗು" ಎಂದರು. ತಿರುಗಿ ನಿಂತೆ.

ಆಮೇಲೆ ಮಾವ ಅತ್ತೆಯ ಹೆಸರು ಹೇಳಿದರು.

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದನ್ನು ಆ ಬಾಯಿಂದ ಕೇಳಲು ಅವಳು ಮದುವೆಯಾದಾಗಿನಿಂದ ಕಾದಿದ್ದಾಳೆ, ನಿಮಗೆ ಪುಕ್ಕಟೆ ಹೇಗೆ ಕೊಡಲಿ? ಹೆಸರಿನ ಹಿಂದೆಯೇ, ಗದರುವುದಕ್ಕೆ ಹೋಗಿ ಗದರಲಾಗದ ದನಿಯಲ್ಲಿ, "ಹೊತ್ತು ಮುಣಗಾಕತ್ತೈತಿ. ಸಾಕು, ಮನೀಗಿ ನಡಿ" ಎಂದರು.

ಕಳಿಸಿದೆವು. ಇಬ್ಬರೂ ಪರದೆಗೆ ಮುಖವಿಟ್ಟು ಕೂತೆವು. ಕಂಬ ಅದನ್ನು ಬಯಲಿಗೆಲ್ಲ ಕೇಳುವಂತೆ ಕೂಗಿತು.

ಅತ್ತೆಯ ಕೈಯಲ್ಲಿ ಮೊರ ನಿಂತಿತು. ಯಾರಾದರೂ ಕೇಳಿದರೇನೋ ಎಂದು ದಾರಿಯ ಕಡೆ ನೋಡಿದಳು. ಗಡಬಡಿಸಿ ಎದ್ದು ಸೆರಗು ತಲೆಯ ಮೇಲೆ ಹೊದ್ದುಕೊಂಡಳು. ಕಂಬದ ತುದಿಯನ್ನು ನೋಡಿದಳು. ಮೊರ ಬದಿಗಿಟ್ಟಳು, ಇನ್ನು ಮನೆಗೆ ಹೊರಟಳೆಂದುಕೊಂಡೆ. ಹೊರಡಲಿಲ್ಲ. ಕಂಬಕ್ಕೆ ಇನ್ನಷ್ಟು ಹತ್ತಿರ ಸರಿದು, ಬೆನ್ನು ಆನಿಸಿ, ಅದು ಮತ್ತೊಮ್ಮೆ ಕೂಗುವುದನ್ನು ಕಾಯುತ್ತ ಕೂತಳು.

ಮಾವ ಯೂನಿಫಾರ್ಮಿನ ತೋಳಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ನೋಡಿದೇನು? ಹೇಳಿದ ಮಾತು ಯಾವತ್ತರೆ ಕೇಳ್ತಾಳೇನು ಈಕಿ!"